ಮನೆಗೆ ವಿಮೆ: ಏನನ್ನು, ಎಷ್ಟಕ್ಕೆ, ಯಾವುದರಿಂದ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮ ಹಿರಿಯರ ಅನುಭವದ ಮಾತು. ಹುಟ್ಟೂರನ್ನು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆನಿಂತ ಕನ್ನಡಿಗರಿಗೆ ಈ ಗಾದೆಯ ಮೊದಲರ್ಧ ಇನ್ನಷ್ಟು ಅರ್ಥಪೂರ್ಣವಾದುದು. ಬಾಡಿಗೆಯ ಖೋಲಿ, ಚಾಳು, ಕಂಪನಿಯ ಕ್ವಾರ್ಟರ್ಸ್‌ಗಳನ್ನು ದಾಟಿ, ಹದಿನೈದು ಇಪ್ಪತ್ತು ವರ್ಷ ಬ್ಯಾಂಕಿನ ಸಾಲ ತೀರಿಸಿ ತಮ್ಮದಾಗಿಸಿಕೊಂಡ ಫ್ಲ್ಯಾಟು ಹೆಚ್ಚಿನ ಕುಟುಂಬಗಳ ಜೀವಮಾನದ ದುಡಿಮೆಯ ಫಲ. ಆದರೂ ಜೀವವಿಮೆಯ ಕಂತನ್ನು ದಿನ ತಪ್ಪದೆ ಕಟ್ಟುವ, ಕಾರಿನ ವಿಮೆಯನ್ನು ವರ್ಷವರ್ಷವೂ ನವೀಕರಿಸುವ ನಾವು, ಅವೆಲ್ಲಕ್ಕಿಂತ ದೊಡ್ಡ ಆಸ್ತಿಯಾದ ಮನೆಗೆ ವಿಮೆ ಮಾಡಿಸುವ ಬಗ್ಗೆ ಯೋಚಿಸುವುದು ಅಪರೂಪ. ಕಾರಿನ ವಿಮೆಗೆ ಕಾನೂನಿನ ಕಡ್ಡಾಯವಿದೆ. ಮನೆಯ ಮಾಲೀಕನಿಗೆ ಅಂತಹ ಒತ್ತಾಯವಿಲ್ಲ. ಬಹುಶಃ ಉದಾಸೀನಕ್ಕೆ ಅದೇ ಕಾರಣವಿರಬೇಕು.

ಇನ್ನು ಕೆಲವರು ವಿಮೆ ಮಾಡಿಸಿಯೂ ಮೋಸಹೋಗುತ್ತಾರೆ. ಅವರಿಗೆ ಮೋಸ ಮಾಡಿದವರು ಯಾರೂ ಇರುವುದಿಲ್ಲ. ತಾವು ಯಾವುದಕ್ಕೆ ಹಣ ಕಟ್ಟಿದ್ದೇವೆ ಎಂಬುದನ್ನು ಅವರು ತಿಳಿದುಕೊಂಡಿರುವುದಿಲ್ಲ, ಅಷ್ಟೇ. ಆದ್ದರಿಂದ ಮನೆಯ ವಿಮೆ ಎಂದರೇನು, ಅದನ್ನು ಆರಿಸಿಕೊಳ್ಳುವುದು ಹೇಗೆ, ಯಾವ ಪ್ರಶ್ನೆಗಳನ್ನು ಮೊದಲೇ ಕೇಳಬೇಕು ಎಂಬುದನ್ನು ಓದುಗ ಬಂಧುಗಳ ಅನುಕೂಲಕ್ಕಾಗಿ ಇಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ.

ನಮ್ಮ ನಗರಗಳ ಅನುಭವ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಹರಿದು, ನೆಲಮಹಡಿಯ ಮನೆಗಳಲ್ಲಿ ಎದೆಮಟ್ಟದ ನೀರು ನಿಂತುದನ್ನು ಕಂಡವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. 2015ರ ಡಿಸೆಂಬರ್ ಮೊದಲ ವಾರದಲ್ಲಿ ಅಡಯಾರು ನದಿ ಚೆನ್ನೈಯ ಬಡಾವಣೆಗಳಿಗೆ ನುಗ್ಗಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಎಂಬ ಹಳ್ಳವೊಂದು ತನ್ನ ದಡದ ಹೌಸಿಂಗ್ ಸೊಸೈಟಿಗಳ ಗೋಡೆಗಳನ್ನೇ ಕೆಡವಿತು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹಲವಾರು ಕಾಲೊನಿಗಳು ದಿನಗಟ್ಟಲೆ ನೀರಿನಲ್ಲಿದ್ದವು. 2023ರ ಜುಲೈಯಲ್ಲಿ ದೆಹಲಿಯ ಯಮುನೆ 208.66 ಮೀಟರ್ ಎತ್ತರಕ್ಕೇರಿ ಹಿಂದಿನ ದಾಖಲೆಗಳನ್ನು ಮೀರಿತು.

ಇವೆಲ್ಲ ದೊಡ್ಡ ಸುದ್ದಿಯಾದ ಘಟನೆಗಳು. ಸುದ್ದಿಯಾಗದ ಅವಘಡಗಳು ಇದಕ್ಕಿಂತ ಹೆಚ್ಚು. ಅಡುಗೆ ಅನಿಲದ ಸ್ಫೋಟ, ದೇವರ ಕೋಣೆಯ ದೀಪದಿಂದ ಹತ್ತಿದ ಬೆಂಕಿ, ಮೇಲ್ಮಹಡಿಯ ನೀರಿನ ಕೊಳವೆ ಒಡೆದು ಹಾಳಾದ ಪೀಠೋಪಕರಣ, ಮಳೆಗಾಲದಲ್ಲಿ ಮನೆಯ ಮೇಲೆ ಉರುಳಿದ ಮರ ಇವು ಯಾರ ಮನೆಯಲ್ಲಾದರೂ ಆಗಬಹುದಾದವು.

ಮೂರು ತಪ್ಪು ತಿಳಿವಳಿಕೆಗಳು

ಮನೆಯ ವಿಮೆಯ ವಿಷಯ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮೂರು ಮಾತುಗಳನ್ನು ಮೊದಲು ಪರಿಶೀಲಿಸೋಣ.

ಮೊದಲನೆಯದು, 'ಸಾಲ ಕೊಡುವಾಗ ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆ' ಎಂಬುದು. ಗೃಹಸಾಲದ ಜೊತೆಯಲ್ಲಿ ಮಾರಲಾಗುವ ವಿಮೆ ಅನೇಕ ಸಲ ಸಾಲಗಾರನ ಜೀವದ ಮೇಲಿನ ವಿಮೆಯಾಗಿರುತ್ತದೆ. ಸಾಲ ತೀರುವ ಮೊದಲೇ ಆತ ಮರಣಹೊಂದಿದರೆ ಉಳಿದ ಸಾಲವನ್ನು ಆ ವಿಮೆ ತೀರಿಸುತ್ತದೆ. ಇದು ಒಳ್ಳೆಯದೇ, ಆದರೆ ಮನೆಗೆ ಬೆಂಕಿ ಬಿದ್ದರೆ ಇದರಿಂದ ಒಂದು ರೂಪಾಯಿಯೂ ದೊರಕುವುದಿಲ್ಲ. ಬ್ಯಾಂಕು ನಿಜವಾಗಿಯೂ ಕಟ್ಟಡಕ್ಕೆ ವಿಮೆ ಮಾಡಿಸಿದ್ದರೂ ಅದರ ಮೊತ್ತ ಸಾಲದ ಬಾಕಿಯಷ್ಟಕ್ಕೆ ಸೀಮಿತವಾಗಿರಬಹುದು; ಪರಿಹಾರದ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಮನೆಯೊಳಗಿನ ಸಾಮಾನು ಅದರಲ್ಲಿ ಸೇರಿರುವುದು ವಿರಳ. ಸಾಲದ ಕಡತವನ್ನು ತೆಗೆದು, ಅದರಲ್ಲಿರುವ ವಿಮೆ ಜೀವದ್ದೋ ಕಟ್ಟಡದ್ದೋ, ಅವಧಿ ಇನ್ನೂ ಉಳಿದಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಳ್ಳುವುದು ಅಗತ್ಯ.

ಎರಡನೆಯದು, 'ಸೊಸೈಟಿಯವರು ಕಟ್ಟಡಕ್ಕೆ ವಿಮೆ ಮಾಡಿಸಿದ್ದಾರೆ' ಎಂಬುದು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಸೊಸೈಟಿಯು ತನ್ನ ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಮಾಡಿಸಬೇಕು. ವಿಧಿ ಇದ್ದ ಮಾತ್ರಕ್ಕೆ ವಿಮೆ ಇದೆ ಎಂದು ಭಾವಿಸುವುದು ಸರಿಯಲ್ಲ. ಇದ್ದರೂ ಅದು ಎಷ್ಟು ವರ್ಷದ ಹಿಂದಿನ ಮೊತ್ತ, ಪ್ರವಾಹ ಅದರಲ್ಲಿ ಸೇರಿದೆಯೇ, ಫ್ಲ್ಯಾಟುಗಳ ಒಳಗೋಡೆಗಳೂ ಸೇರಿವೆಯೇ ಅಥವಾ ಮೆಟ್ಟಿಲು, ಲಿಫ್ಟು, ಪಂಪುಗಳಂತಹ ಸಾಮಾನ್ಯ ಭಾಗ ಮಾತ್ರವೇ ಎಂಬುದನ್ನು ಕಾರ್ಯದರ್ಶಿಗಳಿಂದ ಪಾಲಿಸಿಯ ಪ್ರತಿ ಪಡೆದು ತಿಳಿಯಬೇಕು. ನಾವು ಸ್ವಂತ ಖರ್ಚಿನಿಂದ ಮಾಡಿಸಿದ ಅಡುಗೆಮನೆಯ ಕಪಾಟು, ಮಂಚ, ಟಿವಿ, ಫ್ರಿಜ್‌ಗಳಿಗೆ ಸೊಸೈಟಿಯ ವಿಮೆ ಸಾಮಾನ್ಯವಾಗಿ ಅನ್ವಯಿಸದು.

ಮೂರನೆಯದು, 'ನಮ್ಮ ಫ್ಲ್ಯಾಟಿನ ಬೆಲೆ ಕೋಟಿಗಟ್ಟಲೆ, ಅಷ್ಟಕ್ಕೆ ವಿಮೆ ಮಾಡಿಸುವುದು ನಮ್ಮಿಂದಾಗದು' ಎಂಬುದು. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಹಳ ಮಂದಿ ವಿಮೆಯಿಂದ ದೂರ ಉಳಿಯಲು ಇದೇ ಕಾರಣವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಲೇಸು.

ವಿಮಾ ಮೊತ್ತ: ಮಾರುವ ಬೆಲೆಯಲ್ಲ, ಮರಳಿ ಕಟ್ಟುವ ವೆಚ್ಚ

ನಗರದ ಫ್ಲ್ಯಾಟಿನ ಬೆಲೆಯಲ್ಲಿ ದೊಡ್ಡ ಪಾಲು ನೆಲದ್ದು ಮತ್ತು ಆ ನೆಲ ಇರುವ ಬಡಾವಣೆಯದ್ದು. ರೈಲು ನಿಲ್ದಾಣ ಹತ್ತಿರವಿದೆ, ಶಾಲೆ ಹತ್ತಿರವಿದೆ ಎಂಬ ಕಾರಣಕ್ಕೆ ನಾವು ಕೊಟ್ಟ ಹಣ ಅದರಲ್ಲಿದೆ. ಬೆಂಕಿ ಬಿದ್ದರೆ ಸುಡುವುದು ಗೋಡೆ, ಬಾಗಿಲು, ತಂತಿ, ನೆಲಹಾಸು. ನೆಲವಾಗಲಿ ನಿಲ್ದಾಣವಾಗಲಿ ಸುಡುವುದಿಲ್ಲ. ಆದ್ದರಿಂದ ವಿಮೆ ಬೇಕಾಗುವುದು ಕಟ್ಟಡವನ್ನು ಮರಳಿ ಕಟ್ಟಲು ತಗಲುವ ವೆಚ್ಚಕ್ಕೆ ಮಾತ್ರ.

ಲೆಕ್ಕ ಬಹಳ ಸರಳ. ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ದರದಿಂದ ಗುಣಿಸಬೇಕು. ಉದಾಹರಣೆಗೆ, 600 ಚದರ ಅಡಿಯ ಫ್ಲ್ಯಾಟೊಂದರ ಮಾರುಕಟ್ಟೆ ಬೆಲೆ ಒಂದೂವರೆ ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಚದರ ಅಡಿಗೆ 3,000 ರೂಪಾಯಿ ನಿರ್ಮಾಣ ದರವೆಂದು ಹಿಡಿದರೆ ವಿಮಾ ಮೊತ್ತ 18 ಲಕ್ಷ ರೂಪಾಯಿ. ಪ್ರೀಮಿಯಂ ಲೆಕ್ಕವಾಗುವುದು ಈ 18 ಲಕ್ಷದ ಮೇಲೆ. ದರ ಊರಿನಿಂದ ಊರಿಗೆ, ಕಟ್ಟಡದಿಂದ ಕಟ್ಟಡಕ್ಕೆ ಬೇರೆಯಾಗುತ್ತದೆ. ನಿಮ್ಮ ಬಡಾವಣೆಯ ಇಂಜಿನಿಯರರನ್ನೋ ಗುತ್ತಿಗೆದಾರರನ್ನೋ ಕೇಳಿ ಸರಿಯಾದ ದರವನ್ನು ತಿಳಿದುಕೊಳ್ಳಬೇಕು.

ಒಂದೂವರೆ ಕೋಟಿಗೆ ವಿಮೆ ಮಾಡಿಸಿದರೆ ಒಂದೂವರೆ ಕೋಟಿ ಸಿಗುತ್ತದೆಂದು ಭಾವಿಸುವುದೂ ತಪ್ಪೇ. ವಿಮೆಯ ಮೂಲತತ್ತ್ವ ನಷ್ಟವನ್ನು ತುಂಬಿಕೊಡುವುದು, ಲಾಭ ಮಾಡಿಸುವುದಲ್ಲ. ಮರಳಿ ಕಟ್ಟಲು 18 ಲಕ್ಷ ಸಾಕಾದರೆ ದೊರಕುವುದು ಅಷ್ಟೇ. ಉಳಿದ ಮೊತ್ತಕ್ಕೆ ಕಟ್ಟಿದ ಪ್ರೀಮಿಯಂ ವ್ಯರ್ಥ. ಇದೇ ಕಾರಣದಿಂದ ಒಂದೇ ಗೋಡೆಗೆ ಸೊಸೈಟಿಯೂ ನಾವೂ ವಿಮೆ ಮಾಡಿಸಿದರೆ ಎರಡು ಕಡೆಯಿಂದ ಪೂರ್ತಿ ಪರಿಹಾರ ಬರುವುದಿಲ್ಲ.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವುದರಲ್ಲಿ ಇನ್ನೊಂದು ಬಗೆಯ ಅಪಾಯವಿದೆ. ಸಾಂಪ್ರದಾಯಿಕ ಪಾಲಿಸಿಗಳಲ್ಲಿ 'ಸರಾಸರಿ ಷರತ್ತು' ಎಂಬುದೊಂದಿತ್ತು; ಕೆಲವು ಬಗೆಯ ಪಾಲಿಸಿಗಳಲ್ಲಿ ಅದು ಈಗಲೂ ಇರುತ್ತದೆ. 24 ಲಕ್ಷ ಮೌಲ್ಯದ ಕಟ್ಟಡವನ್ನು 12 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 6 ಲಕ್ಷ ನಷ್ಟವಾದರೆ, ಅರ್ಧ ವಿಮೆಗೆ ಅರ್ಧ ಪರಿಹಾರ ಎಂಬ ನ್ಯಾಯದಿಂದ 3 ಲಕ್ಷ ಮಾತ್ರ ಸಿಗುತ್ತದೆ. ವಿಮಾ ಮೊತ್ತ 12 ಲಕ್ಷವಿದ್ದರೂ 6 ಲಕ್ಷದ ನಷ್ಟ ಪೂರ್ತಿ ತುಂಬುವುದಿಲ್ಲ ಎಂಬುದು ಅನೇಕರಿಗೆ ಕ್ಲೇಮಿನ ಹೊತ್ತಿನಲ್ಲಿಯೇ ತಿಳಿಯುವ ಸಂಗತಿ.

ಭಾರತ್ ಗೃಹ ರಕ್ಷಾ ಪಾಲಿಸಿ

ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಮನೆಗಳಿಗಾಗಿ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಯಾವ ಕಂಪನಿ ಮಾರಿದರೂ ಇದರ ಮೂಲ ಷರತ್ತುಗಳು ಒಂದೇ. ವ್ಯತ್ಯಾಸವಿರುವುದು ಪ್ರೀಮಿಯಂನಲ್ಲಿ, ಸೇವೆಯಲ್ಲಿ ಮತ್ತು ಕಂಪನಿಗಳು ಸೇರಿಸುವ ಹೆಚ್ಚುವರಿ ರಕ್ಷಣೆಗಳಲ್ಲಿ. ಸಾಮಾನ್ಯ ಕುಟುಂಬಕ್ಕೆ ಹೋಲಿಕೆ ಮಾಡಲು ಇದರಿಂದ ತುಂಬ ಅನುಕೂಲವಾಗಿದೆ. ಇದರ ಮುಖ್ಯಾಂಶಗಳು ಹೀಗಿವೆ:

ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಜಲಾವೃತ, ಭೂಕುಸಿತ, ಕಾಡ್ಗಿಚ್ಚು, ವಾಹನ ಅಥವಾ ಮರದಂತಹ ಹೊರಗಿನ ವಸ್ತು ಬಡಿದು ಆಗುವ ಹಾನಿ, ನೀರಿನ ತೊಟ್ಟಿ ಮತ್ತು ಕೊಳವೆಗಳು ಒಡೆಯುವುದು ಅಥವಾ ಉಕ್ಕುವುದು, ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದನೆ ಇವೆಲ್ಲವೂ ಮೂಲ ಪಾಲಿಸಿಯಲ್ಲಿಯೇ ಸೇರಿವೆ. ಹಿಂದೆ ಭೂಕಂಪಕ್ಕೆ ಬೇರೆಯಾಗಿ ಹಣ ಕಟ್ಟಬೇಕಾಗಿತ್ತು.

ಕಟ್ಟಡಕ್ಕೆ ವಿಮೆ ಮಾಡಿಸಿದವರ ಸಾಮಾನ್ಯ ಗೃಹೋಪಕರಣಗಳಿಗೆ, ಅವರು ಬೇಡವೆನ್ನದಿದ್ದರೆ, ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಇದಕ್ಕೆ ಸಾಮಾನುಗಳ ಪಟ್ಟಿ ಕೊಡಬೇಕಾಗಿಲ್ಲ. ಮೇಲಿನ ಉದಾಹರಣೆಯ 18 ಲಕ್ಷದ ಮನೆಗೆ ಇದು 3 ಲಕ್ಷ 60 ಸಾವಿರ ರೂಪಾಯಿಯಾಗುತ್ತದೆ. ಹೆಚ್ಚು ಬೇಕಾದವರು ವಿವರ ನೀಡಿ ಮೊತ್ತವನ್ನು ಏರಿಸಿಕೊಳ್ಳಬಹುದು.

ಮನೆ ವಾಸಕ್ಕೆ ಅಯೋಗ್ಯವಾದರೆ, ದುರಸ್ತಿಗೆ ಬೇಕಾಗುವ ಕಾಲದ ಬದಲಿ ಮನೆಯ ಬಾಡಿಗೆ ಅಥವಾ ಕೈತಪ್ಪಿದ ಬಾಡಿಗೆ ಆದಾಯಕ್ಕೂ ಇದರಲ್ಲಿ ಅವಕಾಶವಿದೆ. ನಗರದಲ್ಲಿ ಮನೆ ಕಳೆದುಕೊಂಡ ಕುಟುಂಬಕ್ಕೆ ಮೊದಲ ಪೆಟ್ಟು ಬೀಳುವುದು ಬಾಡಿಗೆಯಿಂದಲೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಾಸ್ತುಶಿಲ್ಪಿ ಮತ್ತು ಇಂಜಿನಿಯರರ ಶುಲ್ಕಕ್ಕೆ ಕ್ಲೇಮಿನ ಶೇಕಡಾ 5ರವರೆಗೆ, ಅವಶೇಷಗಳನ್ನು ತೆರವು ಮಾಡಲು ಶೇಕಡಾ 2ರವರೆಗೆ ಸಿಗುತ್ತದೆ.

ಸರಾಸರಿ ಷರತ್ತನ್ನು ಈ ಪಾಲಿಸಿಯಲ್ಲಿ ಕೈಬಿಡಲಾಗಿದೆ. ಆದರೆ ಪರಿಹಾರ ವಿಮಾ ಮೊತ್ತವನ್ನು ಮೀರುವುದಿಲ್ಲ; ಇಡೀ ಮನೆ ನೆಲಸಮವಾದರೆ ಕಡಿಮೆ ಮೊತ್ತ ಬರೆಸಿದವರಿಗೆ ಕಡಿಮೆಯೇ ಸಿಗುತ್ತದೆ. ಆದ್ದರಿಂದ ವಿಸ್ತೀರ್ಣವನ್ನೂ ದರವನ್ನೂ ಸತ್ಯವಾಗಿಯೇ ನಮೂದಿಸಬೇಕು. ಪಾಲಿಸಿಯನ್ನು 10 ವರ್ಷಗಳವರೆಗೆ ಒಮ್ಮೆಲೇ ಪಡೆಯಬಹುದು. ದೀರ್ಘಾವಧಿಯ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ಹೆಚ್ಚಿನ ಹಣವಿಲ್ಲದೆ ಏರುತ್ತದೆ.

ಹಣ ಕೊಟ್ಟು ಸೇರಿಸಿಕೊಳ್ಳಬಹುದಾದ ರಕ್ಷಣೆಗಳು ಎರಡು. ಒಂದು, ಒಡವೆ, ಬೆಳ್ಳಿ ಸಾಮಾನು, ಕಲಾಕೃತಿಗಳಂತಹ ಬೆಲೆಬಾಳುವ ವಸ್ತುಗಳಿಗೆ ಮೊದಲೇ ಒಪ್ಪಿಕೊಂಡ ಮೌಲ್ಯದ ವಿಮೆ. ಇನ್ನೊಂದು, ಅದೇ ವಿಪತ್ತಿನಲ್ಲಿ ಮಾಲೀಕ ಅಥವಾ ಅವರ ಪತಿ/ಪತ್ನಿ ಮರಣಹೊಂದಿದರೆ ತಲಾ 5 ಲಕ್ಷ ರೂಪಾಯಿ ಕೊಡುವ ವೈಯಕ್ತಿಕ ಅಪಘಾತ ವಿಮೆ.

ಯಾವುದಕ್ಕೆ ಪರಿಹಾರವಿಲ್ಲ?

ಪಾಲಿಸಿಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಪುಟ ಇದು. ವಿಮೆ ಆಕಸ್ಮಿಕಕ್ಕೆ ಮಾತ್ರ; ಕಾಲಕ್ರಮದಲ್ಲಿ ಆಗುವ ಸವೆತಕ್ಕಲ್ಲ. ಮಳೆಗಾಲದಲ್ಲಿ ಗೋಡೆಗೆ ಇಳಿಯುವ ತೇವ, ಸಜ್ಜೆಯ ಬಿರುಕು, ತುಕ್ಕು ಹಿಡಿದ ಕಬ್ಬಿಣ ಇವು ಮಾಲೀಕರ ಮತ್ತು ಸೊಸೈಟಿಯ ಹೊಣೆ. ದುರಸ್ತಿಯಿಲ್ಲದೆ ಶಿಥಿಲವಾದ ಕಟ್ಟಡ ತಾನಾಗಿ ಕುಸಿದರೆ ವಿಮೆ ನೆರವಿಗೆ ಬಾರದು. ಪಕ್ಕದ ನಿವೇಶನದಲ್ಲಿ ತಳಪಾಯಕ್ಕಾಗಿ ಅಗೆದುದರಿಂದ ನಮ್ಮ ನೆಲ ಕುಸಿದರೂ, ದೋಷಯುಕ್ತ ನಿರ್ಮಾಣದಿಂದ ಬಿರುಕು ಬಿಟ್ಟರೂ ಭೂಕುಸಿತದ ಷರತ್ತಿನಡಿ ಪರಿಹಾರವಿಲ್ಲ.

ಯುದ್ಧ, ಅಣುವಿಕಿರಣ, ಬೇಕೆಂದೇ ಮಾಡಿದ ಹಾನಿ ಇವು ಸೇರುವುದಿಲ್ಲ. ನಗದು, ಚಿನ್ನದ ಗಟ್ಟಿ, ಷೇರು ಪತ್ರ, ಹಸ್ತಪ್ರತಿ, ವಾಹನ ಇವೂ ಸೇರುವುದಿಲ್ಲ. ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟ ಯಂತ್ರಕ್ಕೆ ಪರಿಹಾರವಿಲ್ಲ. ಆದರೆ ಅದರಿಂದ ಬೆಂಕಿ ಹಬ್ಬಿ ಕೋಣೆ ಸುಟ್ಟರೆ ಆ ಹಾನಿಗೆ ಪರಿಹಾರವಿದೆ. ಮನೆಯನ್ನು ವಿಸ್ತರಿಸಿ ಕಾರ್ಪೆಟ್ ವಿಸ್ತೀರ್ಣ ಶೇಕಡಾ 10ಕ್ಕಿಂತ ಹೆಚ್ಚಾದರೆ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟದ ಹೊರತು ಆ ಹೊಸ ಭಾಗಕ್ಕೆ ರಕ್ಷಣೆಯಿಲ್ಲ.

ಕಳ್ಳತನ ಮತ್ತು ಒಡವೆ

ಮನೆಯ ವಿಮೆ ಎಂದೊಡನೆ ಹೆಚ್ಚಿನವರ ಮನಸ್ಸಿಗೆ ಬರುವುದು ಕಳ್ಳತನ. ಆದರೆ ಭಾರತ್ ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಇರುವ ಸ್ಥಾನ ಬಹಳ ಚಿಕ್ಕದು: ಬೆಂಕಿ, ಪ್ರವಾಹದಂತಹ ವಿಪತ್ತು ಸಂಭವಿಸಿ, ಅದರ ಕಾರಣದಿಂದ 7 ದಿನಗಳೊಳಗೆ ಕಳ್ಳತನವಾದರೆ ಮಾತ್ರ ಪರಿಹಾರ. ಬೇಸಿಗೆಯ ರಜೆಗೆ ಊರಿಗೆ ಹೋದಾಗ ಬೀಗ ಮುರಿದು ಒಳನುಗ್ಗಿದರೆ ಈ ಪಾಲಿಸಿಯಿಂದ ಏನೂ ಸಿಗುವುದಿಲ್ಲ. ಅದಕ್ಕೆ ಕನ್ನಗಳವಿನ ವಿಮೆಯನ್ನು ಬೇರೆಯಾಗಿ ಅಥವಾ ಹೆಚ್ಚುವರಿಯಾಗಿ ಪಡೆಯಬೇಕು. ಬೆಲೆಬಾಳುವ ವಸ್ತುಗಳ ವಿಭಾಗದಲ್ಲಿ ಒಡವೆ ಬರೆಸಿದ್ದರೂ ಇದೇ ನಿಯಮ.

ಕನ್ನಗಳವಿನ ವಿಮೆ ಪಡೆಯುವಾಗ ಮನೆ ಎಷ್ಟು ದಿನ ಬೀಗ ಹಾಕಿರಬಹುದು ಎಂದು ಕೇಳಬೇಕು. ಸತತವಾಗಿ 30 ದಿನಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂಬಂತಹ ಷರತ್ತುಗಳು ಇರುವುದುಂಟು. ನಿವೃತ್ತರಾಗಿ ಮಕ್ಕಳ ಬಳಿಗೆ ವಿದೇಶಕ್ಕೆ ತಿಂಗಳುಗಟ್ಟಲೆ ಹೋಗುವ ದಂಪತಿಗಳು ಇದನ್ನು ಮುಖ್ಯವಾಗಿ ಗಮನಿಸಬೇಕು.

ಬ್ಯಾಂಕ್ ಲಾಕರಿನಲ್ಲಿಟ್ಟರೆ ಪೂರ್ಣ ರಕ್ಷಣೆ ಎಂಬ ನಂಬಿಕೆಯೂ ಸಾಮಾನ್ಯ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಜನವರಿ 1ರಿಂದ, ಬ್ಯಾಂಕಿನ ಲೋಪದಿಂದಾದ ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಗೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. 3,000 ರೂಪಾಯಿ ಬಾಡಿಗೆಯ ಲಾಕರಿಗೆ 3 ಲಕ್ಷ ರೂಪಾಯಿ. ಒಳಗಿದ್ದ ಒಡವೆ ಎಷ್ಟೇ ಬೆಲೆಬಾಳಲಿ. ಹೆಚ್ಚಿನ ಒಡವೆ ಇರುವವರು ಲಾಕರಿನಲ್ಲಿರುವುದಕ್ಕೂ ವಿಮೆಯ ಬಗ್ಗೆ ವಿಚಾರಿಸಬಹುದು.

ಊರಿನ ಮನೆಯ ಮಾತು

ಹೊರನಾಡ ಕನ್ನಡಿಗರಲ್ಲಿ ಬಹಳ ಮಂದಿಗೆ ಎರಡು ಮನೆಗಳು: ನಗರದ ಫ್ಲ್ಯಾಟು ಮತ್ತು ಊರಿನ ತರವಾಡು ಅಥವಾ ಹಿರಿಯರ ಮನೆ. ವರ್ಷಕ್ಕೊಮ್ಮೆ ದೈವದ ಕೋಲಕ್ಕೋ ನಾಗನ ಪೂಜೆಗೋ ಜಾತ್ರೆಗೋ ತೆರೆಯುವ ಈ ಮನೆ ಉಳಿದ ದಿನಗಳಲ್ಲಿ ಬೀಗ ಹಾಕಿರುತ್ತದೆ. ಅದರ ವಿಮೆಯ ವಿಷಯದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದು, ಒಡೆತನ. ಆರ್‌ಟಿಸಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು, ವಿಮೆ ಒಬ್ಬ ಮಗನ ಹೆಸರಿನಲ್ಲಿದ್ದರೆ ಕ್ಲೇಮಿನ ಹೊತ್ತಿಗೆ ತೊಡಕಾಗುತ್ತದೆ. ಮನೆಯಲ್ಲಿ ಹಕ್ಕುಳ್ಳವರೆಲ್ಲರ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸುವುದು ಒಳಿತು. ಎರಡು, ಕಟ್ಟಡದ ಬಗೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮರದ ಅಟ್ಟ ಇದ್ದರೆ ಅದನ್ನು ಹಾಗೆಯೇ ಬರೆಯಬೇಕು. ಹುಲ್ಲು, ಸೋಗೆ, ಬಿದಿರಿನ ಭಾಗಗಳಿದ್ದರೆ ಅದನ್ನೂ ಮರೆಮಾಚಬಾರದು. ಮನೆ ಖಾಲಿ ಇರುವ ಸಂಗತಿಯನ್ನೂ ಲಿಖಿತವಾಗಿ ತಿಳಿಸಬೇಕು. ಮೂರು, ಕಡಲ್ಕೊರೆತ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದಂತಹ ಭೂಕುಸಿತ ಪಾಲಿಸಿಯ ವ್ಯಾಪ್ತಿಯೊಳಗೆ ಬರುತ್ತದೆ. ಆದರೆ ಕಡಲ ಅಥವಾ ನದಿಯ ಕೊರೆತದಿಂದ ನೆಲ ಕುಸಿದರೆ ಪರಿಹಾರವಿಲ್ಲ ಎಂದು ಸ್ಪಷ್ಟವಾಗಿ ಬರೆಯಲಾಗಿದೆ. ಉಳ್ಳಾಲ ಮುಂತಾದ ಕಡಲತಡಿಯಲ್ಲಿ ಮನೆಯುಳ್ಳವರು ವಿಮೆ ಇದೆಯೆಂದು ನಿಶ್ಚಿಂತರಾಗಿರುವಂತಿಲ್ಲ.

ಬಾಡಿಗೆಗೆ ಇರುವವರು, ಪಗಡಿಯವರು

ಕಟ್ಟಡ ತಮ್ಮದಲ್ಲದವರಿಗೆ ಕಟ್ಟಡದ ವಿಮೆ ಬೇಕಾಗಿಲ್ಲ. ಸಾಮಾನುಗಳಿಗೆ ಮಾತ್ರ ಪಾಲಿಸಿ ಪಡೆಯಲು ಅವಕಾಶವಿದೆ. ಮುಂಬಯಿಯ ಹಳೆಯ ಪಗಡಿ ಕಟ್ಟಡಗಳಲ್ಲಿ ವಾಸಿಸುವವರಿಗೂ ಇದು ಅನ್ವಯಿಸುತ್ತದೆ. ಮನೆಯನ್ನು ಬಾಡಿಗೆಗೆ ಕೊಟ್ಟ ಮಾಲೀಕರು ಕಟ್ಟಡಕ್ಕೂ ತಮ್ಮದೇ ಪೀಠೋಪಕರಣಕ್ಕೂ ವಿಮೆ ಮಾಡಿಸಬೇಕು. ಬಾಡಿಗೆದಾರರ ಸಾಮಾನು ಅದರಲ್ಲಿ ಸೇರುವುದಿಲ್ಲ.

ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಏಜೆಂಟರೊಡನೆ ಅಥವಾ ಕಂಪನಿಯವರೊಡನೆ ಮಾತನಾಡುವಾಗ ಈ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಉತ್ತರ ಪಡೆಯಬೇಕೆಂದು ನಮ್ಮ ಸಲಹೆ.

1. ಇದು ಭಾರತ್ ಗೃಹ ರಕ್ಷಾ ಪಾಲಿಸಿಯೇ, ಕಂಪನಿಯ ಬೇರೆ ಪಾಲಿಸಿಯೇ? ಬೇರೆಯಾದರೆ ಸರಾಸರಿ ಷರತ್ತು ಇದೆಯೇ?
2. ವಿಮಾ ಮೊತ್ತವನ್ನು ಯಾವ ವಿಸ್ತೀರ್ಣ ಮತ್ತು ಯಾವ ನಿರ್ಮಾಣ ದರದಿಂದ ಲೆಕ್ಕ ಹಾಕಿದ್ದೀರಿ?
3. ಹಾಳಾದ ಸಾಮಾನಿಗೆ ಹೊಸದರ ಬೆಲೆ ಕೊಡುತ್ತೀರೋ, ಸವಕಳಿ ಕಳೆದ ಬೆಲೆಯೋ? ಹತ್ತು ವರ್ಷ ಹಳೆಯ ಫ್ರಿಜ್ಜಿನ ವಿಷಯದಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು.
4. ಕಳ್ಳತನ ಸೇರಿದೆಯೇ? ಮನೆ ಎಷ್ಟು ದಿನ ಖಾಲಿ ಇರಬಹುದು?
5. ಪ್ರತಿ ಕ್ಲೇಮಿನಲ್ಲಿ ನಾವು ಸ್ವತಃ ಭರಿಸಬೇಕಾದ ಮೊತ್ತವಿದೆಯೇ?
6. ಹೇಳಿದ ಪ್ರೀಮಿಯಂನಲ್ಲಿ ತೆರಿಗೆ ಸೇರಿದೆಯೇ? 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿಯಿಂದ ವಿನಾಯಿತಿ ದೊರೆತುದು ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯ ವಿಮೆಗೆ, ಮನೆಯ ವಿಮೆಗಲ್ಲ.

ಒಂದೇ ವಿವರಗಳನ್ನು ಕೊಟ್ಟು ಎರಡು ಮೂರು ಕಂಪನಿಗಳಿಂದ ದರ ಪಡೆಯಬೇಕು. ನಾಲ್ಕು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳಲ್ಲಿ ನ್ಯೂ ಇಂಡಿಯಾದ ಕೇಂದ್ರ ಕಚೇರಿ ಮುಂಬಯಿಯಲ್ಲಿ, ಯುನೈಟೆಡ್ ಇಂಡಿಯಾದ್ದು ಚೆನ್ನೈಯಲ್ಲಿ, ಓರಿಯೆಂಟಲ್‌ನದು ದೆಹಲಿಯಲ್ಲಿ, ನ್ಯಾಷನಲ್‌ನದು ಕೋಲ್ಕತ್ತದಲ್ಲಿ ಇದೆ. ಖಾಸಗಿ ಕಂಪನಿಗಳೂ ಹಲವಾರಿವೆ. ಎಲ್ಲಿಂದ ಕೊಂಡರೂ ಅರ್ಜಿಯನ್ನು ಏಜೆಂಟರಿಂದ ಬರೆಸಿ ಖಾಲಿ ಹಾಳೆಗೆ ಸಹಿ ಹಾಕಬಾರದು. ಅರ್ಜಿಯಲ್ಲಿನ ಸುಳ್ಳಿಗೆ ಹೊಣೆ ಸಹಿ ಹಾಕಿದವರದ್ದೇ.

ಹಾನಿ ಸಂಭವಿಸಿದಾಗ

ಮೊದಲ ಕರ್ತವ್ಯ ಜೀವಗಳನ್ನು ಉಳಿಸಿಕೊಳ್ಳುವುದು. ಎರಡನೆಯದು ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು. ಅನಂತರ ತಡಮಾಡದೆ ಕಂಪನಿಗೆ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳ್ಳತನವಾದರೆ ಪೊಲೀಸರ ಎಫ್‌ಐಆರ್ ಅಗತ್ಯ. ಎಲ್ಲ ಕೋಣೆಗಳ ಛಾಯಾಚಿತ್ರ ತೆಗೆಯಬೇಕು.

ಪ್ರವಾಹದ ನಂತರ ಎಲ್ಲರೂ ಮಾಡುವ ತಪ್ಪೊಂದಿದೆ. ನೀರಿಳಿದ ಮರುದಿನವೇ ಹಾಳಾದ ಹಾಸಿಗೆ, ಮಂಚ, ಯಂತ್ರಗಳನ್ನೆಲ್ಲ ಬೀದಿಗೆ ಎಸೆಯುತ್ತಾರೆ. ಕಂಪನಿ ನೇಮಿಸುವ ಪರವಾನಗಿಯುಳ್ಳ ಸರ್ವೇಯರ್ ಬಂದು ನೋಡುವ ತನಕ ಅವನ್ನು ಒಂದು ಕಡೆ ಇಟ್ಟಿರಬೇಕು. ಆರೋಗ್ಯದ ದೃಷ್ಟಿಯಿಂದ ಎಸೆಯಲೇಬೇಕಾದರೆ ಕಂಪನಿಗೆ ತಿಳಿಸಿ, ಚಿತ್ರ ತೆಗೆದು, ಪಟ್ಟಿ ಮಾಡಿ ಎಸೆಯಬೇಕು.

ಇದೆಲ್ಲಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಖರ್ಚೂ ಇಲ್ಲ. ಬಿಡುವಿನ ಭಾನುವಾರ ಮನೆಯ ಒಂದೊಂದು ಕೋಣೆಯ ಚಿತ್ರ ತೆಗೆದು, ದೊಡ್ಡ ಸಾಮಾನುಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ, ಪಾಲಿಸಿಯ ಪ್ರತಿಯೊಡನೆ ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಡಿ. ಪಾಲಿಸಿಯನ್ನು ಮನೆಯ ಕಪಾಟಿನಲ್ಲಿಯೇ ಇಟ್ಟರೆ ಮನೆಯೊಂದಿಗೆ ಅದೂ ಹೋಗುತ್ತದೆ.

ನ್ಯಾಯ ಸಿಗದಿದ್ದರೆ

ಕ್ಲೇಮನ್ನು ತಿರಸ್ಕರಿಸಿದರೆ ಅಥವಾ ಕಡಿಮೆ ಹಣ ಕೊಟ್ಟರೆ, ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದು ಕೊಡಬೇಕು. ಪ್ರಾಧಿಕಾರದ 'ಬಿಮಾ ಭರೋಸಾ' ವ್ಯವಸ್ಥೆಯಲ್ಲಿ ಅಥವಾ 155255 ಎಂಬ ಉಚಿತ ದೂರವಾಣಿಯಲ್ಲಿಯೂ ದೂರು ದಾಖಲಿಸಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ರ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಅವರು 50 ಲಕ್ಷ ರೂಪಾಯಿಯವರೆಗೆ ಪರಿಹಾರ ವಿಧಿಸಬಹುದು ಮತ್ತು ಆ ತೀರ್ಪನ್ನು ಕಂಪನಿ ಪಾಲಿಸಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರುಗಳಲ್ಲೆಲ್ಲ ಒಂಬುಡ್ಸ್‌ಮನ್ ಕಚೇರಿಗಳಿವೆ. ಗ್ರಾಹಕರ ಆಯೋಗದ ದಾರಿ ಇದ್ದೇ ಇದೆ.

ಕೊನೆಯ ಮಾತು

ವಿಮೆಯಿಂದ ವಿಪತ್ತು ತಪ್ಪುವುದಿಲ್ಲ. ನೀರಿನಲ್ಲಿ ಹೋದ ಮದುವೆಯ ಭಾವಚಿತ್ರಗಳನ್ನಾಗಲಿ, ಅಜ್ಜಿಯ ಕಾಲದ ಪೆಟ್ಟಿಗೆಯನ್ನಾಗಲಿ ಯಾವ ಕಂಪನಿಯೂ ಮರಳಿ ಕೊಡಲಾರದು. ಆದರೆ ನಿವೃತ್ತಿಯ ವಯಸ್ಸಿನಲ್ಲಿ ಮತ್ತೊಮ್ಮೆ ಸಾಲ ಮಾಡಿ ಗೋಡೆ ಕಟ್ಟುವ, ಮಕ್ಕಳ ಮುಂದೆ ಕೈಚಾಚುವ ಸ್ಥಿತಿಯನ್ನು ಅದು ತಪ್ಪಿಸಬಲ್ಲದು. ಮರಳಿ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ವಿಮೆ ಮಾಡಿಸಿದರೆ ಅದರ ಖರ್ಚು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಮುಂದಿನ ಮಳೆಗಾಲ ಬರುವ ಮೊದಲು ಪ್ರತಿಯೊಂದು ಕುಟುಂಬವೂ ಸಾಲದ ಕಡತವನ್ನೂ ಸೊಸೈಟಿಯ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಲಿ ಎಂಬುದು ನಮ್ಮ ವಿನಂತಿ. ಕಷ್ಟಪಟ್ಟು ಕಟ್ಟಿದ ಮನೆ ನೂರ್ಕಾಲ ಸುಖವಾಗಿ ನಿಲ್ಲಲಿ, ಪಾಲಿಸಿಯನ್ನು ಬಳಸುವ ಸಂದರ್ಭವೇ ಬಾರದಿರಲಿ ಎಂದು ಹಾರೈಸುತ್ತೇವೆ.